ವಿಂಡ್‌ಸರ್ಫಿಂಗ್ ಅಭ್ಯಾಸದಲ್ಲಿ ಕೈಗಳ ರಕ್ಷಣೆ: ಕೈಗವಸುಗಳ ಆಯ್ಕೆಯನ್ನು ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಜಲಸಾಹಸ ಕ್ರೀಡೆಗಳ ತರಬೇತಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಹಾಗೂ ಅವರ ಪೋಷಕರು ಜೀವರಕ್ಷಕ ಕವಚ, ಈಜುಡುಗೆ, ಪಾದರಕ್ಷೆ ಮುಂತಾದವುಗಳ ಬಗ್ಗೆ ಸಾಕಷ್ಟು ವಿಚಾರಿಸುತ್ತಾರೆ. ಆದರೆ ಕೈಗಳ ರಕ್ಷಣೆಯ ವಿಷಯವು ಸಾಮಾನ್ಯವಾಗಿ ಮೊದಲನೆಯ ದಿನದ ಅಭ್ಯಾಸ ಮುಗಿದು, ಅಂಗೈ ತುಂಬ ಬೊಬ್ಬೆಗಳೆದ್ದ ನಂತರವೇ ಗಮನಕ್ಕೆ ಬರುತ್ತದೆ. ಅಷ್ಟರಲ್ಲಿ ಉಳಿದ ದಿನಗಳ ತರಬೇತಿಯ ಪ್ರಯೋಜನವು ಅಭ್ಯರ್ಥಿಯ ಕೈತಪ್ಪಿರುತ್ತದೆ. ಆದುದರಿಂದ ವಿಂಡ್‌ಸರ್ಫಿಂಗ್ ಕಲಿಯಲು ಇಚ್ಛಿಸುವವರು ಕೈಗವಸುಗಳನ್ನು ಕೊಳ್ಳುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಈಗಾಗಲೇ ಅಭ್ಯಾಸದಲ್ಲಿ ತೊಡಗಿರುವವರಿಗೂ ಇದು ಉಪಯುಕ್ತವಾಗಬಹುದು.

1. ವಿಂಡ್‌ಸರ್ಫಿಂಗ್ ಎಂದರೇನು?

ನೀರಿನ ಮೇಲೆ ತೇಲುವ ಹಲಗೆಯೊಂದಕ್ಕೆ ಎಲ್ಲ ದಿಕ್ಕಿಗೂ ಬಾಗಬಲ್ಲ ಕೀಲಿನ ಮೂಲಕ ಹಾಯಿಕಂಬವನ್ನು ಜೋಡಿಸಿ, ಅದಕ್ಕೆ ಹಾಯಿಯನ್ನು ಕಟ್ಟಿ, ನಿಂತುಕೊಂಡು ಗಾಳಿಯ ಬಲದಿಂದ ಸಾಗುವ ಕ್ರೀಡೆಯೇ ವಿಂಡ್‌ಸರ್ಫಿಂಗ್. ಹಾಯಿಯ ಎರಡೂ ಪಕ್ಕಗಳನ್ನು ಸುತ್ತುವರಿದಿರುವ ಉದ್ದನೆಯ ಹಿಡಿಕೆಗೆ ಬೂಮ್ ಎಂದು ಹೆಸರು. ಸವಾರನು ಈ ಬೂಮ್ ಅನ್ನು ಎರಡೂ ಕೈಗಳಿಂದ ಹಿಡಿದು ಹಾಯಿಯನ್ನು ಗಾಳಿಗೆ ಒಡ್ಡುತ್ತಾನೆ.

ಅಮೆರಿಕದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಅವರು 1968ರಲ್ಲಿ ಈ ಸಾಧನದ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿ, 1970ರಲ್ಲಿ ಅದನ್ನು ಪಡೆದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಈ ಕ್ರೀಡೆಯ ಸ್ಪರ್ಧೆಗಳು ಆರಂಭವಾದವು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಈಬಾದ್ ಅಲಿ ಅವರು ವಿಂಡ್‌ಸರ್ಫಿಂಗ್‌ನಲ್ಲಿ ಕಂಚಿನ ಪದಕ ಗಳಿಸಿದರು.

ದೋಣಿಯಲ್ಲಿ ಹಾಯಿಯ ಹಗ್ಗವನ್ನು ರಾಟೆಗೋ ಗೂಟಕ್ಕೋ ಸುತ್ತಿ ಕೈಗೆ ವಿಶ್ರಾಂತಿ ಕೊಡಬಹುದು. ವಿಂಡ್‌ಸರ್ಫಿಂಗ್‌ನಲ್ಲಿ ಆ ಅನುಕೂಲವಿಲ್ಲ. ಕಲಿಕೆಯ ಹಂತದಲ್ಲಿ ಗಾಳಿಯ ಪೂರ್ಣ ಎಳೆತವು ಸವಾರನ ಎರಡು ಅಂಗೈಗಳ ಮೂಲಕವೇ ಹಾದುಹೋಗುತ್ತದೆ. ಈ ಕ್ರೀಡೆಯಲ್ಲಿ ಕೈಗಳ ರಕ್ಷಣೆಗೆ ವಿಶೇಷ ಮಹತ್ವ ಬಂದಿರುವುದು ಈ ಕಾರಣದಿಂದಲೇ.

2. ಕೈಗಳಿಗೆ ಆಗುವ ತೊಂದರೆಗಳು

ಅ) ಬೊಬ್ಬೆಗಳು: ಬೂಮ್‌ಗೆ ಹಿಡಿತ ದೊರೆಯಲೆಂದು ಅದರ ಮೇಲೆ ಉರುಟಾದ ಸ್ಪಂಜಿನಂತಹ ಹೊದಿಕೆಯನ್ನು ಅಂಟಿಸಿರುತ್ತಾರೆ. ಬೂಮ್ ಕೈಯೊಳಗೆ ಹೊರಳಿದಂತೆಲ್ಲ ಚರ್ಮದ ಮೇಲ್ಪದರವು ಹೊದಿಕೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಒಳಪದರವು ಮೂಳೆಯೊಂದಿಗೆ ಸರಿಯುತ್ತದೆ. ಈ ಎರಡು ಪದರಗಳು ಬೇರ್ಪಟ್ಟ ಜಾಗದಲ್ಲಿ ದ್ರವ ತುಂಬಿಕೊಂಡು ಬೊಬ್ಬೆಯಾಗುತ್ತದೆ. ನೀರಿನಲ್ಲಿ ನೆನೆದ ಚರ್ಮವು ಮೆತ್ತಗಾಗಿರುವುದರಿಂದ ಬಲುಬೇಗ ಕಿತ್ತುಬರುತ್ತದೆ. ಬೆರಳುಗಳ ಬುಡ, ಬೆರಳುಗಳ ನಡುಗೆಣ್ಣಿನ ಒಳಭಾಗ ಹಾಗೂ ಹೆಬ್ಬೆರಳಿನ ಒಳಮಗ್ಗುಲು ಮೊದಲು ತೊಂದರೆಗೊಳಗಾಗುವ ಸ್ಥಳಗಳು.

ಆ) ಹಗ್ಗದ ಉಜ್ಜುಗಾಯ: ನೀರಿಗೆ ಬಿದ್ದ ಹಾಯಿಯನ್ನು ಮೇಲೆತ್ತಲು ದಪ್ಪನೆಯ ಹಗ್ಗವೊಂದಿರುತ್ತದೆ. ಹೊಸಬರು ಒಂದು ಗಂಟೆಯ ಅಭ್ಯಾಸದಲ್ಲಿ ಹತ್ತಾರು ಬಾರಿ ಬೀಳುವುದು ಸಹಜ. ಅಷ್ಟೂ ಬಾರಿ ನೀರಿನ ಭಾರ ಹೊತ್ತ ಹಾಯಿಯನ್ನು ಈ ಹಗ್ಗದಿಂದಲೇ ಎತ್ತಬೇಕು. ಬಾವಿಯಿಂದ ನೀರು ಸೇದಿ ರೂಢಿಯಿಲ್ಲದವರು ಒಮ್ಮೆಲೇ ಇಪ್ಪತ್ತು ಕೊಡ ಸೇದಿದರೆ ಅಂಗೈಗೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ.

ಇ) ಸೀಳುಗಾಯಗಳು: ದಡದ ಬಂಡೆಗಳು, ಜಟ್ಟಿಯ ಕಂಬಗಳು ಹಾಗೂ ನದೀಮುಖದ ಕಲ್ಲುಗಳ ಮೇಲೆ ಚಿಪ್ಪುಜೀವಿಗಳು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಇವುಗಳ ಅಂಚು ಬ್ಲೇಡಿನಷ್ಟು ಹರಿತ. ಹಲಗೆಯ ಅಡಿಯಲ್ಲಿರುವ ರೆಕ್ಕೆ ಹಾಗೂ ತುಕ್ಕು ಹಿಡಿದ ತಿರುಪುಗಳಿಂದಲೂ ಗಾಯವಾಗಬಹುದು.

ಈ) ಮುಂದೋಳಿನ ದಣಿವು: ಹಿಡಿತವನ್ನು ನಿರಂತರವಾಗಿ ಬಿಗಿಯಾಗಿಟ್ಟುಕೊಂಡಾಗ ಮುಂದೋಳಿನ ಸ್ನಾಯುಗಳು ಗಟ್ಟಿಯಾಗಿ, ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳತೊಡಗುತ್ತವೆ. ತಪ್ಪು ಕೈಗವಸು ಈ ದಣಿವನ್ನು ಹೆಚ್ಚಿಸುತ್ತದೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಉ) ಬಿಸಿಲು: ಕೈಯ ಮೇಲ್ಬದಿಯು ಗಂಟೆಗಟ್ಟಲೆ ಬಿಸಿಲಿಗೆ ನೇರವಾಗಿ ಒಡ್ಡಿರುತ್ತದೆ. ನೀರಿನಿಂದ ಪ್ರತಿಫಲಿಸುವ ಬೆಳಕೂ ಸೇರಿ ಚರ್ಮ ಸುಡುತ್ತದೆ.

3. ಇದನ್ನು ಏಕೆ ಲಘುವಾಗಿ ಪರಿಗಣಿಸಬಾರದು?

ಅಂಗೈಯ ಬೊಬ್ಬೆ ನೆಲದ ಮೇಲೆ ಸಣ್ಣ ತೊಂದರೆ. ನೀರಿನ ಮೇಲೆ ಅದು ಸುರಕ್ಷತೆಯ ಪ್ರಶ್ನೆ. ದಡದಿಂದ ಅರ್ಧ ಕಿಲೋಮೀಟರ್ ದೂರದಲ್ಲಿರುವಾಗ ಬೊಬ್ಬೆ ಒಡೆದು ಉಪ್ಪುನೀರು ತಾಗಿದರೆ ಬೂಮ್ ಹಿಡಿಯಲಾಗದು. ಬೂಮ್ ಹಿಡಿಯಲಾಗದವರಿಗೆ ಹಾಯಿ ನಿಲ್ಲಿಸಲಾಗದು. ಹಾಯಿ ನಿಲ್ಲದಿದ್ದರೆ ದಡಕ್ಕೆ ಮರಳುವ ದಾರಿಯೂ ಮುಚ್ಚಿಹೋಗುತ್ತದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಕಳೆದ ತಿಂಗಳುಗಳಲ್ಲಿ ಮುಂಜಾನೆಯ ಹೊತ್ತು ಗಾಳಿಯು ಸಾಮಾನ್ಯವಾಗಿ ನೆಲದಿಂದ ಕಡಲಿನ ಕಡೆಗೂ, ಮಧ್ಯಾಹ್ನದ ನಂತರ ಕಡಲಿನಿಂದ ನೆಲದ ಕಡೆಗೂ ಬೀಸುತ್ತದೆ. ಮಧ್ಯಾಹ್ನದ ಗಾಳಿಯು ನಿಸ್ಸಹಾಯಕ ಸವಾರನನ್ನು ದಡದತ್ತ ತಳ್ಳುತ್ತದೆ; ಮುಂಜಾನೆಯ ಗಾಳಿಯು ಅವನನ್ನು ಕಡಲಿನ ಒಳಕ್ಕೆ ಒಯ್ಯುತ್ತದೆ. ದಡದ ಬಳಿ ತಣ್ಣಗೆ, ಶಾಂತವಾಗಿ ಕಾಣುವ ನೀರಿನಲ್ಲಿ ಹೊಸಬರು ಮೋಸಹೋಗುವುದು ಈ ವೇಳೆಯಲ್ಲಿಯೇ. ಆದುದರಿಂದ ಅಂಗೈಯಲ್ಲಿ ಉರಿ ಕಾಣಿಸಿಕೊಂಡ ಕೂಡಲೇ, ಅಂದರೆ ಬೊಬ್ಬೆ ಏಳುವುದಕ್ಕೆ ಮೊದಲೇ, ದಡಕ್ಕೆ ಮರಳತಕ್ಕದ್ದು.

4. ಕೈಗವಸು ಎಲ್ಲರಿಗೂ ಅಗತ್ಯವೇ?

ಅಗತ್ಯವಿಲ್ಲ. ನಿಯಮಿತವಾಗಿ ಅಭ್ಯಾಸ ಮಾಡುವ ಅನುಭವಿಗಳಲ್ಲಿ ಅನೇಕರು ಬೆಚ್ಚನೆಯ ನೀರಿನಲ್ಲಿ ಬರಿಗೈಯಲ್ಲಿಯೇ ಸವಾರಿ ಮಾಡುತ್ತಾರೆ. ಗುದ್ದಲಿ ಹಿಡಿದು ದುಡಿಯುವವರ ಅಂಗೈಯಂತೆ ಅವರ ಅಂಗೈಯೂ ಜಡ್ಡುಗಟ್ಟಿರುತ್ತದೆ. ಕೈಗವಸಿನಿಂದ ಲಾಭವೂ ಇದೆ, ನಷ್ಟವೂ ಇದೆ.

ಲಾಭ: ಚರ್ಮದ ಮೇಲಿನ ಉಜ್ಜಾಟ ಕಡಿಮೆಯಾಗುತ್ತದೆ, ಹಗ್ಗ ಮತ್ತು ಚಿಪ್ಪುಗಳಿಂದ ರಕ್ಷಣೆ ದೊರೆಯುತ್ತದೆ, ಬಿಸಿಲು ತಾಗುವುದಿಲ್ಲ.

ನಷ್ಟ: ಹಿಡಿಕೆಯ ಗಾತ್ರ ಹೆಚ್ಚುತ್ತದೆ, ಬೆರಳು ಮಡಿಸಲು ಹೆಚ್ಚು ಬಲ ಬೇಕಾಗುತ್ತದೆ, ಮುಂದೋಳು ಬೇಗ ದಣಿಯುತ್ತದೆ, ಹಗ್ಗದ ಗಂಟು ಬಿಚ್ಚಲು ಕಷ್ಟವಾಗುತ್ತದೆ.

ಹಿಡಿಕೆಯ ಗಾತ್ರದ ವಿಷಯವನ್ನು ಲೆಕ್ಕದ ಮೂಲಕ ತಿಳಿಯುವುದು ಸುಲಭ. ಬೂಮ್‌ನ ವ್ಯಾಸ 28 ಮಿ.ಮೀ. ಇದೆಯೆಂದು ಭಾವಿಸಿ. ಅದರ ಸುತ್ತಳತೆ ಸುಮಾರು 88 ಮಿ.ಮೀ. ಅಂಗೈ ಭಾಗದಲ್ಲಿ 2 ಮಿ.ಮೀ. ದಪ್ಪದ ಕೈಗವಸನ್ನು ಧರಿಸಿದರೆ ಎರಡೂ ಕಡೆಗಳಲ್ಲಿ ಸೇರಿ ವ್ಯಾಸವು 32 ಮಿ.ಮೀ. ಆಗುತ್ತದೆ, ಸುತ್ತಳತೆ ಸುಮಾರು 100 ಮಿ.ಮೀ.ಗೆ ಏರುತ್ತದೆ. ಅಂದರೆ ಬೆರಳುಗಳು ಒಂದು ಸೆಂಟಿಮೀಟರಿಗಿಂತ ಹೆಚ್ಚು ದೂರ ಸುತ್ತಿಕೊಳ್ಳಬೇಕಾಗುತ್ತದೆ. ದೊಡ್ಡ ಕೈಯವರಿಗೆ ಇದು ಗಮನಕ್ಕೆ ಬಾರದಿರಬಹುದು. ಸಣ್ಣ ಕೈಯವರಿಗೆ, ವಿಶೇಷವಾಗಿ ಮಕ್ಕಳಿಗೆ, ಇದರಿಂದಲೇ ಹಿಡಿತ ತಪ್ಪುವ ಸಾಧ್ಯತೆ ಇರುತ್ತದೆ. ಆದ್ದರಿಂದ "ದಪ್ಪ ಕೈಗವಸು ಒಳ್ಳೆಯ ಕೈಗವಸು" ಎಂಬ ಅಭಿಪ್ರಾಯ ಈ ಕ್ರೀಡೆಗೆ ಅನ್ವಯಿಸುವುದಿಲ್ಲ. ರಕ್ಷಣೆಗೆ ಸಾಕಾಗುವಷ್ಟು ದಪ್ಪ, ಹಿಡಿತಕ್ಕೆ ಅಡ್ಡಿಯಾಗದಷ್ಟು ತೆಳು ಇರುವುದನ್ನು ಆರಿಸುವುದೇ ಸರಿಯಾದ ಕ್ರಮ.

ಈ ಕೆಳಕಂಡವರು ಕೈಗವಸು ಧರಿಸುವುದು ಸೂಕ್ತ:

• ಮೊದಲ ಬಾರಿಗೆ ತರಬೇತಿ ಪಡೆಯುವವರು ಹಾಗೂ ಬಹಳ ದಿನಗಳ ನಂತರ ಅಭ್ಯಾಸಕ್ಕೆ ಮರಳುವವರು.
• ಸತತವಾಗಿ ಹಲವು ದಿನಗಳ ಶಿಬಿರದಲ್ಲಿ ಭಾಗವಹಿಸುವವರು.
• ಮಧುಮೇಹವುಳ್ಳವರು ಹಾಗೂ ಗಾಯ ಬೇಗ ಮಾಯದವರು. ಇವರು ಮುಂಚಿತವಾಗಿ ವೈದ್ಯರ ಸಲಹೆಯನ್ನೂ ಪಡೆಯತಕ್ಕದ್ದು.
• ಬಂಡೆ ಅಥವಾ ಚಿಪ್ಪುಗಳಿರುವ ದಡದಲ್ಲಿ ನೀರಿಗಿಳಿಯುವವರು.
• ತಣ್ಣನೆಯ ನೀರಿನಲ್ಲಿ ಅಭ್ಯಾಸ ಮಾಡುವವರು.

5. ಕೈಗವಸುಗಳ ವಿಧಗಳು

5.1 ಬೆರಳ ತುದಿ ತೆರೆದಿರುವ ಕೈಗವಸು: ಹಾಯಿದೋಣಿ ನಡೆಸುವವರಿಗಾಗಿ ತಯಾರಿಸುವ ಈ ವಿಧವು ನಮ್ಮ ಹವಾಮಾನಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಅಂಗೈಯಲ್ಲಿ ಕೃತಕ ಚರ್ಮ, ಮೇಲ್ಬದಿಯಲ್ಲಿ ಹಿಗ್ಗುವ ತೆಳು ಬಟ್ಟೆ ಇರುತ್ತದೆ. ಗಂಟು ಕಟ್ಟಲು, ಬಿಚ್ಚಲು ಬೆರಳ ತುದಿಗಳು ಮುಕ್ತವಾಗಿರುತ್ತವೆ. ಆದರೆ ಅಂಚು ಮುಗಿಯುವ ಸ್ಥಳವು ಬೆರಳಿನ ಗೆಣ್ಣಿನ ಮೇಲೆ ಬಂದರೆ ಆ ಅಂಚೇ ಚರ್ಮವನ್ನು ಉಜ್ಜುತ್ತದೆ ಎಂಬುದನ್ನು ಗಮನಿಸತಕ್ಕದ್ದು.

5.2 ಪೂರ್ಣ ಬೆರಳಿನ ಕೈಗವಸು: ಹೆಚ್ಚಿನ ರಕ್ಷಣೆ ನೀಡುತ್ತದೆ. ಚಿಪ್ಪುಗಳಿರುವ ದಡಕ್ಕೂ, ತೀವ್ರ ಬಿಸಿಲಿಗೂ ಸೂಕ್ತ. ಬೆರಳ ತುದಿಯಲ್ಲಿ ಖಾಲಿ ಜಾಗ ಉಳಿದರೆ ಹಗ್ಗದ ಕೆಲಸಕ್ಕೆ ತೊಡಕಾಗುತ್ತದೆ.

5.3 ನಿಯೋಪ್ರೀನ್ ಕೈಗವಸು: ಸ್ಪಂಜಿನಂತಹ ರಬ್ಬರಿನಿಂದ ಮಾಡಿದ ಇದು ಸಾಮಾನ್ಯವಾಗಿ 2 ರಿಂದ 3 ಮಿ.ಮೀ. ದಪ್ಪವಿರುತ್ತದೆ. ಇದರ ಮುಖ್ಯ ಉದ್ದೇಶ ಚಳಿಯಿಂದ ರಕ್ಷಣೆ. ಬೆಚ್ಚನೆಯ ನೀರಿನಲ್ಲಿ ಕೈ ಬೆವರಿ, ಚರ್ಮ ಇನ್ನಷ್ಟು ಮೆತ್ತಗಾಗುತ್ತದೆ. ಬೆರಳುಗಳು ಮೊದಲೇ ಬಾಗಿದ ಆಕಾರದಲ್ಲಿ ಹೊಲಿದಿರುವ ಮಾದರಿಯನ್ನು ಆರಿಸಿದರೆ ಮುಂದೋಳಿನ ದಣಿವು ಕಡಿಮೆ.

5.4 ಅಂಗೈ ತೆರೆದ ಕೈಚೀಲ: ಕೈಯ ಮೇಲ್ಬದಿಯನ್ನು ಮಾತ್ರ ಮುಚ್ಚಿ, ಅಂಗೈಯನ್ನು ತೆರೆದಿಡುವ ಈ ವಿಧವು ಚಳಿಪ್ರದೇಶಗಳ ಸವಾರರಲ್ಲಿ ಬಳಕೆಯಲ್ಲಿದೆ. ಚರ್ಮವು ನೇರವಾಗಿ ಬೂಮ್ ಅನ್ನು ಹಿಡಿಯುವುದರಿಂದ ದಣಿವಿಲ್ಲ; ಗಾಳಿಯ ಚಳಿ ತಾಗುವುದಿಲ್ಲ. ಬೊಬ್ಬೆಯಿಂದ ಮಾತ್ರ ಇದು ರಕ್ಷಿಸುವುದಿಲ್ಲ.

5.5 ಕೆಲಸದ ಕೈಗವಸು: ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುವ, ಹೆಣೆದ ನೂಲಿನ ಮೇಲೆ ಅಂಗೈ ಭಾಗಕ್ಕೆ ಮಾತ್ರ ರಬ್ಬರ್ ಅಥವಾ ನೈಟ್ರೈಲ್ ಲೇಪಿಸಿದ ಕೈಗವಸುಗಳು ಕಡಿಮೆ ಬೆಲೆಯವು. ತೆಳುವಾದ ಮಾದರಿಯನ್ನು ಆರಿಸಿದಲ್ಲಿ ಕಲಿಕೆಯ ಹಂತಕ್ಕೆ ಇವು ಸಾಕು. ಕೆಲವು ಕೈಗವಸುಗಳ ಮೇಲೆ ಇಎನ್ 388 ಎಂಬ ಗುರುತು ಮತ್ತು ಅದರ ಕೆಳಗೆ ಅಂಕಿಗಳ ಸಾಲು ಇರುತ್ತದೆ. ಅದರಲ್ಲಿ ಮೊದಲನೆಯ ಅಂಕಿಯು ಉಜ್ಜಾಟವನ್ನು ತಡೆಯುವ ಶಕ್ತಿಯನ್ನು ಸೂಚಿಸುತ್ತದೆ. ಇದು 0 ಯಿಂದ 4 ರವರೆಗೆ ಇರುತ್ತದೆ. ಹೆಚ್ಚಿನ ಅಂಕಿ ಹೆಚ್ಚಿನ ಬಾಳಿಕೆಯ ಸೂಚನೆ.

5.6 ಬಳಸಬಾರದವು: ಉಣ್ಣೆ ಅಥವಾ ಬರಿಯ ಹತ್ತಿಯ ಕೈಗವಸುಗಳು ನೀರು ಹೀರಿ ಜಾರುತ್ತವೆ. ಪಾತ್ರೆ ತೊಳೆಯಲು ಬಳಸುವ ಉದ್ದನೆಯ ರಬ್ಬರ್ ಕೈಗವಸಿನೊಳಗೆ ನೀರು ತುಂಬಿಕೊಂಡು ಈಜಲು ಅಡಚಣೆಯಾಗುತ್ತದೆ. ಸಹಜ ಚರ್ಮದ ಕೈಗವಸು ಉಪ್ಪುನೀರಿನಲ್ಲಿ ನೆನೆದು ಒಣಗಿದ ಮೇಲೆ ಗಡುಸಾಗಿ ಕುಗ್ಗುತ್ತದೆ. ಗಡುಸಾದ ಮಡಿಕೆಗಳೇ ಮರುದಿನ ಗಾಯಕ್ಕೆ ಕಾರಣವಾಗುತ್ತವೆ.

6. ಸರಿಯಾದ ಅಳತೆ ಆರಿಸುವ ಕ್ರಮ

ಕೈಗವಸಿನ ಗುಣಮಟ್ಟಕ್ಕಿಂತ ಅಳತೆ ಮುಖ್ಯ. ಸಡಿಲವಾದ ಕೈಗವಸಿನ ಅಂಗೈಯಲ್ಲಿ ಬೀಳುವ ಸುಕ್ಕು, ಕೈಗವಸು ಇಲ್ಲದಿರುವುದಕ್ಕಿಂತಲೂ ಬೇಗ ಬೊಬ್ಬೆ ಎಬ್ಬಿಸುತ್ತದೆ. ಅತಿ ಬಿಗಿಯಾದದ್ದು ರಕ್ತಸಂಚಾರಕ್ಕೆ ತಡೆಯೊಡ್ಡುತ್ತದೆ.

ಹೆಬ್ಬೆರಳನ್ನು ಬಿಟ್ಟು, ಉಳಿದ ನಾಲ್ಕು ಬೆರಳುಗಳ ಬುಡದ ಗೆಣ್ಣುಗಳ ಸುತ್ತ ದರ್ಜಿಯ ಟೇಪಿನಿಂದ ಅಳೆಯಿರಿ. ಹೆಚ್ಚು ಬಳಸುವ ಕೈಯನ್ನೇ ಅಳೆಯತಕ್ಕದ್ದು. ಅಂಕಿಗಳಲ್ಲಿ ಅಳತೆ ಸೂಚಿಸುವ ಕೈಗವಸುಗಳಿಗೆ ಸಾಮಾನ್ಯವಾಗಿ ಈ ಕೆಳಕಂಡ ಪಟ್ಟಿ ಅನ್ವಯಿಸುತ್ತದೆ:

• ಸುತ್ತಳತೆ 152 ಮಿ.ಮೀ. : ಅಳತೆ 6
• ಸುತ್ತಳತೆ 178 ಮಿ.ಮೀ. : ಅಳತೆ 7
• ಸುತ್ತಳತೆ 203 ಮಿ.ಮೀ. : ಅಳತೆ 8
• ಸುತ್ತಳತೆ 229 ಮಿ.ಮೀ. : ಅಳತೆ 9
• ಸುತ್ತಳತೆ 254 ಮಿ.ಮೀ. : ಅಳತೆ 10

ಗಮನಿಸಿದರೆ, ಸುತ್ತಳತೆಯು ಎಷ್ಟು ಇಂಚು ಇದೆಯೋ ಅಳತೆಯ ಅಂಕಿಯೂ ಅಷ್ಟೇ ಇರುತ್ತದೆ. ಎರಡು ಅಳತೆಗಳ ನಡುವೆ ಬರುವವರು, ನೆನೆದಾಗ ಹಿಗ್ಗುವ ಬಟ್ಟೆಯ ಕೈಗವಸಿನಲ್ಲಿ ಚಿಕ್ಕ ಅಳತೆಯನ್ನೂ, ಹಿಗ್ಗದ ನಿಯೋಪ್ರೀನ್‌ನಲ್ಲಿ ದೊಡ್ಡ ಅಳತೆಯನ್ನೂ ಪರಿಶೀಲಿಸಿ ನೋಡುವುದು ಒಳಿತು.

7. ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು

(1) ಮನೆಯ ನೀರಿನ ಕೆಲಸಕ್ಕೆ ಬಳಸುವ 1 ಇಂಚಿನ ಸಿಪಿವಿಸಿ ಕೊಳವೆಯ ಹೊರವ್ಯಾಸವು ಸುಮಾರು 28 ಮಿ.ಮೀ.; ಇದು ಬೂಮ್‌ನ ಗಾತ್ರಕ್ಕೆ ಬಹಳ ಹತ್ತಿರ. ಅರ್ಧ ಮೀಟರ್ ಉದ್ದದ ತುಂಡೊಂದನ್ನು ಜೊತೆಗೆ ಒಯ್ದು, ಕೈಗವಸು ಧರಿಸಿ ಹಿಡಿದು ನೋಡಿ.

(2) ಹಿಡಿದಾಗ ಅಂಗೈಯಲ್ಲಿ ಬಟ್ಟೆ ಮಡಿಚಿಕೊಳ್ಳಬಾರದು. ಮಡಿಚಿದರೆ ಆ ಕೈಗವಸು ನಿಮಗೆ ತಕ್ಕುದಲ್ಲ.

(3) ಕೊಳವೆಯನ್ನು ಎರಡು ನಿಮಿಷ ಬಿಡದೆ ಹಿಡಿಯಿರಿ. ಬರಿಗೈಯಲ್ಲಿ ಹಿಡಿದುದಕ್ಕಿಂತ ಸ್ಪಷ್ಟವಾಗಿ ಹೆಚ್ಚು ದಣಿವು ಕಂಡರೆ ಇನ್ನೂ ತೆಳುವಾದುದನ್ನು ನೋಡಿ.

(4) ಕೈಯನ್ನು ಸಡಿಲವಾಗಿ ಬಿಟ್ಟಾಗ ಬೆರಳುಗಳು ಸಹಜವಾಗಿ ಅರ್ಧ ಬಾಗಿರಬೇಕು. ಕೈಗವಸು ಅವನ್ನು ನೇರವಾಗಿಸಲು ಎಳೆಯುತ್ತಿದ್ದರೆ, ನೀರಿನ ಮೇಲೆ ಪ್ರತಿಯೊಂದು ಕ್ಷಣವೂ ಆ ಎಳೆತದ ವಿರುದ್ಧ ನೀವು ದುಡಿಯಬೇಕಾಗುತ್ತದೆ.

(5) ಕೈಗವಸನ್ನು ಒಳಗಿನಿಂದ ತಿರುವಿ ಹೊಲಿಗೆಗಳನ್ನು ಪರೀಕ್ಷಿಸಿ. ಬೆರಳ ಬುಡಕ್ಕೆ ಹಾಗೂ ಹೆಬ್ಬೆರಳಿನ ಒಳಮಗ್ಗುಲಿಗೆ ತಾಗುವ ದಪ್ಪ ಹೊಲಿಗೆ ಇರಬಾರದು.

(6) ಮಣಿಕಟ್ಟಿನ ಪಟ್ಟಿಯನ್ನು ಒಂದೇ ಕೈಯಿಂದ ಹಾಕಿ ತೆಗೆಯಲು ಬರಬೇಕು. ಒದ್ದೆಯಾದಾಗ ಹಲ್ಲಿನಿಂದ ಎಳೆಯಬೇಕಾದ ಪ್ರಸಂಗ ಬರುವಂತಿರಬಾರದು.

(7) ಸೈಕಲ್ ಸವಾರರ ಕೈಗವಸಿನಲ್ಲಿರುವಂತೆ ಅಂಗೈಯಲ್ಲಿ ಮೆತ್ತೆ ಇದ್ದರೆ ಅದು ನೀರು ಹಿಡಿದು ಜಾರುತ್ತದೆ ಮತ್ತು ಹಿಡಿಕೆಯ ಗಾತ್ರ ಹೆಚ್ಚಿಸುತ್ತದೆ. ಮೆತ್ತೆಯಿಲ್ಲದ ಮಾದರಿಯೇ ಲೇಸು.

ರಬ್ಬರ್ ಹಾಲಿನ ಉತ್ಪನ್ನಗಳಿಂದ ತುರಿಕೆ, ದದ್ದು ಅಥವಾ ಉಬ್ಬಸ ಉಂಟಾಗುವವರು ಲ್ಯಾಟೆಕ್ಸ್ ಲೇಪಿತ ಕೈಗವಸನ್ನು ಬಳಸದೆ ನೈಟ್ರೈಲ್ ಲೇಪಿತವನ್ನು ಆರಿಸತಕ್ಕದ್ದು.

8. ಸ್ಥಳಕ್ಕೆ ಅನುಗುಣವಾದ ಆಯ್ಕೆ

ಕರ್ನಾಟಕದ ಕರಾವಳಿ: ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಮೇಲ್ಮೈ ನೀರು ಸಾಮಾನ್ಯವಾಗಿ 26 ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಚಳಿಗಾಗಿ ಕೈಗವಸು ಬೇಕಿಲ್ಲ. ತೆಳುವಾದ, ಬೆರಳ ತುದಿ ತೆರೆದ ವಿಧ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಕಲಿಯುವವರು ಸಮುದ್ರಕ್ಕೆ ಇಳಿಯಬಾರದು.

ನದೀಮುಖ ಮತ್ತು ಹಿನ್ನೀರು: ಅಲೆಯಿಲ್ಲದ ಕಾರಣ ಕಲಿಕೆಗೆ ಅನುಕೂಲ, ಆದರೆ ಚಿಪ್ಪುಗಳು ಹೆಚ್ಚು. ಹಲಗೆಯನ್ನು ಒಯ್ಯುವಾಗ, ನೀರಿಗೆ ಇಳಿಯುವಾಗ ಮತ್ತು ಮರಳುವಾಗ ಪೂರ್ಣ ಬೆರಳಿನ ಕೈಗವಸು ಉಪಯುಕ್ತ.

ಒಳನಾಡಿನ ಕೆರೆ, ಜಲಾಶಯ: ಉಪ್ಪಿಲ್ಲದ ನೀರಾದರೂ ಕೆಸರು ಹಾಗೂ ಒಡೆದ ಗಾಜಿನ ಭಯವಿರುತ್ತದೆ. ಇಲಿ ಜ್ವರದ ರೋಗಾಣುಗಳು ಮಲಿನ ನೀರಿನಿಂದ ಚರ್ಮದ ಗಾಯಗಳ ಮೂಲಕ ದೇಹವನ್ನು ಪ್ರವೇಶಿಸಬಲ್ಲವು. ಆದುದರಿಂದ ಅಂಗೈಯಲ್ಲಿ ತೆರೆದ ಗಾಯವಿರುವವರು ಇಂತಹ ನೀರಿಗೆ ಇಳಿಯಬಾರದು. ಕೈಗವಸು ನೀರನ್ನು ತಡೆಯುವುದಿಲ್ಲ ಎಂಬುದು ನೆನಪಿನಲ್ಲಿರಲಿ.

ವಿದೇಶಗಳಲ್ಲಿರುವ ಕನ್ನಡಿಗರಿಗೆ: ಕೊಲ್ಲಿ ರಾಷ್ಟ್ರಗಳ ಬೇಸಿಗೆಯ ನೀರು ನಮ್ಮ ಕರಾವಳಿಯಂತೆಯೇ ಬೆಚ್ಚಗಿರುವುದರಿಂದ ಮೇಲಿನ ಸಲಹೆಗಳೇ ಅನ್ವಯಿಸುತ್ತವೆ. ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ತೀರಗಳಲ್ಲಿ ಚಳಿಗಾಲದ ಸಮುದ್ರವು 10 ಡಿಗ್ರಿಗಿಂತ ತಣ್ಣಗಿರುತ್ತದೆ. ಅಲ್ಲಿ ಬೆರಳುಗಳು ಮರಗಟ್ಟಿ ಹಿಡಿತದ ಬಲ ಕುಂದುವುದೇ ಮುಖ್ಯ ಅಪಾಯ. ಬಾಗಿದ ಬೆರಳಿನ ನಿಯೋಪ್ರೀನ್ ಕೈಗವಸು ಅಥವಾ ಅಂಗೈ ತೆರೆದ ಕೈಚೀಲವನ್ನು ಬಳಸತಕ್ಕದ್ದು. ಕೈ ಮಾತ್ರವಲ್ಲದೆ ಮೈಯೂ ಬೆಚ್ಚಗಿರಬೇಕು. ಮೈ ತಣ್ಣಗಾದರೆ ದೇಹವು ಬೆರಳುಗಳಿಗೆ ಹರಿಸುವ ರಕ್ತವನ್ನು ಕಡಿಮೆ ಮಾಡುತ್ತದೆ.

9. ಕೈಗವಸಿಗಿಂತ ಮೊದಲು ಸರಿಪಡಿಸಬೇಕಾದವು

ಬೊಬ್ಬೆಗಳಿಗೆ ಕಾರಣವು ಅನೇಕ ವೇಳೆ ಕೈಗವಸಿನ ಕೊರತೆಯಲ್ಲ. ಹಿಡಿಯುವ ಕ್ರಮದ ದೋಷ.

• ಬೂಮ್ ಅನ್ನು ಹಿಂಡಬಾರದು. ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ, ಅದಕ್ಕೆ ನೇತುಬಿದ್ದಂತೆ ಹಿಡಿಯಬೇಕು. ತೋಳುಗಳು ನೇರವಾಗಿರಲಿ, ದೇಹದ ಭಾರವು ಎಳೆಯಲಿ.
• ಹಗ್ಗದಿಂದ ಹಾಯಿ ಎತ್ತುವಾಗ ಬೆನ್ನನ್ನು ನೇರವಾಗಿಟ್ಟು, ಮಂಡಿ ಬಗ್ಗಿಸಿ, ಕಾಲಿನ ಬಲದಿಂದ ಏಳಬೇಕು. ಹಾಯಿಯ ಮೇಲಿನ ನೀರು ಇಳಿದುಹೋಗಲು ಒಂದೆರಡು ಕ್ಷಣ ಕಾಯಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.
• ಆರಂಭದ ಪಾಠಗಳಿಗೆ ಚಿಕ್ಕ ಹಾಯಿಯನ್ನೇ ಕೇಳಿ ಪಡೆಯಿರಿ.
• ಸೊಂಟಪಟ್ಟಿಯ ಕೊಕ್ಕೆಯನ್ನು ಬೂಮ್‌ನ ಹಗ್ಗಕ್ಕೆ ಸಿಕ್ಕಿಸುವ ಹಂತ ತಲುಪಿದ ಮೇಲೆ ಎಳೆತದ ಬಹುಪಾಲು ದೇಹಕ್ಕೆ ವರ್ಗವಾಗಿ ಕೈಗಳ ಹೊರೆ ಇಳಿಯುತ್ತದೆ. ಬೋಧಕರ ಅನುಮತಿಯಿಲ್ಲದೆ ಇದನ್ನು ಪ್ರಯತ್ನಿಸಬಾರದು.
• ಬೂಮ್‌ನ ಹೊದಿಕೆಗೆ ಮರಳು ಮೆತ್ತಿದ್ದರೆ ಅದು ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ನೀರಿಗಿಳಿಯುವ ಮುನ್ನ ಬೂಮ್ ಮತ್ತು ಕೈಗಳನ್ನು ತೊಳೆಯಿರಿ. ಸವೆದು ನುಣುಪಾದ ಹೊದಿಕೆ ಕಂಡುಬಂದಲ್ಲಿ ಬೋಧಕರ ಗಮನಕ್ಕೆ ತನ್ನಿ.
• ಉಂಗುರ, ಬಳೆ, ಕಡಗ, ಕೈದಾರಗಳನ್ನು ದಡದಲ್ಲಿಯೇ ತೆಗೆದಿಡಿ. ಹಗ್ಗಕ್ಕೆ ಸಿಕ್ಕಿಕೊಂಡ ಉಂಗುರದಿಂದ ಬೆರಳಿಗೆ ಗಂಭೀರ ಹಾನಿಯಾಗಬಹುದು. ಉಂಗುರದ ಮೇಲೆ ಕೈಗವಸು ಧರಿಸಿದರೂ ಅಪಾಯ ತಪ್ಪದು.
• ಬಿಸಿಲು ತಡೆಯುವ ಲೇಪನವನ್ನು ಕೈಯ ಮೇಲ್ಬದಿಗೆ ಮಾತ್ರ ಹಚ್ಚಿ, ಅಂಗೈಯನ್ನು ಒರೆಸಿಕೊಳ್ಳಿ.

10. ನೀರಿನ ಮೇಲೆ ಕೈ ಸೋತಾಗ

ಹಲಗೆಯನ್ನು ಯಾವುದೇ ಕಾರಣಕ್ಕೂ ಬಿಟ್ಟು ಈಜಬಾರದು. ಹಲಗೆಯು ನಿಮ್ಮನ್ನು ತೇಲಿಸುತ್ತದೆ ಮತ್ತು ದೂರದಿಂದ ಕಾಣಿಸುತ್ತದೆ. ಹಾಯಿಯನ್ನು ನೀರಿನಲ್ಲಿ ಬಿಟ್ಟು, ಹಲಗೆಯ ಮೇಲೆ ಕುಳಿತು ಕೈಗಳಿಗೆ ವಿಶ್ರಾಂತಿ ಕೊಡಿ. ದಡ ಹತ್ತಿರವಿದ್ದು ಗಾಳಿ ಅನುಕೂಲವಾಗಿದ್ದರೆ, ಬೂಮ್ ಅನ್ನು ಹಲಗೆಯ ಹಿಂಭಾಗದ ಮೇಲೆ ಇಟ್ಟುಕೊಂಡು ಮಲಗಿ ಕೈಬೀಸುತ್ತ ಬರಬಹುದು. ಸಾಧ್ಯವಾಗದಿದ್ದಲ್ಲಿ ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ, ನಿಧಾನವಾಗಿ ಮೇಲೆತ್ತಿ ಇಳಿಸುತ್ತಿರಿ. ಇದು ಅಂತರರಾಷ್ಟ್ರೀಯವಾಗಿ ಮಾನ್ಯವಾದ ಅಪಾಯದ ಸಂಕೇತ. ದಡದಲ್ಲಿರುವವರು ಸಮುದ್ರದ ಅವಘಡಗಳಿಗೆ ಭಾರತೀಯ ತಟರಕ್ಷಣಾ ಪಡೆಯ 1554, ಆಂಬ್ಯುಲೆನ್ಸ್‌ಗೆ 108 ಹಾಗೂ ಇತರ ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

11. ಗಾಯವಾದಾಗ ಕೈಗೊಳ್ಳಬೇಕಾದ ಕ್ರಮ

ಒಡೆಯದ ಬೊಬ್ಬೆಯನ್ನು ಚುಚ್ಚಬಾರದು. ಶುದ್ಧವಾದ ಪಟ್ಟಿಯಿಂದ ಮುಚ್ಚಬೇಕು. ಒಡೆದಿದ್ದರೆ ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆದು, ಸಡಿಲವಾದ ಚರ್ಮವನ್ನು ಕೀಳದೆ ಪಟ್ಟಿ ಕಟ್ಟಬೇಕು. ಗಾಯ ಮಾಯುವವರೆಗೆ ನೀರಿಗಿಳಿಯಬಾರದು. ಕೈಗವಸು ಧರಿಸಿದ ಮಾತ್ರಕ್ಕೆ ಈ ನಿಯಮ ಸಡಿಲವಾಗುವುದಿಲ್ಲ.

ಚಿಪ್ಪು ಅಥವಾ ತುಕ್ಕು ಹಿಡಿದ ಲೋಹದಿಂದ ಆದ ಗಾಯಕ್ಕೆ ವೈದ್ಯರನ್ನು ಕಂಡು, ಧನುರ್ವಾಯು ಲಸಿಕೆಯನ್ನು ಕೊನೆಯ ಬಾರಿ ಪಡೆದ ವರ್ಷವನ್ನು ತಿಳಿಸತಕ್ಕದ್ದು. ಬೆಚ್ಚನೆಯ ಉಪ್ಪುನೀರಿನಲ್ಲಿ, ಅದರಲ್ಲಿಯೂ ನದೀಮುಖಗಳಲ್ಲಿ, ವಿಬ್ರಿಯೊ ಜಾತಿಯ ರೋಗಾಣುಗಳಿರುತ್ತವೆ. ಮಧುಮೇಹ ಹಾಗೂ ಯಕೃತ್ತಿನ ಕಾಯಿಲೆಯುಳ್ಳವರಲ್ಲಿ ಇವುಗಳಿಂದ ಸಣ್ಣ ಗಾಯವೂ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ತಿರುಗಬಹುದು. ಗಾಯದ ಸುತ್ತ ಕೆಂಪು ಹರಡುವುದು, ಊತ, ತೀವ್ರ ನೋವು, ನೀರುಗುಳ್ಳೆ ಅಥವಾ ಜ್ವರ ಕಂಡಲ್ಲಿ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ, ಸಮುದ್ರದ ನೀರು ತಾಗಿದ ಗಾಯವೆಂಬುದನ್ನು ತಪ್ಪದೆ ತಿಳಿಸಬೇಕು.

12. ಕೈಗವಸುಗಳ ನಿರ್ವಹಣೆ

ಪ್ರತಿ ಅಭ್ಯಾಸದ ನಂತರ ಸಿಹಿನೀರಿನಲ್ಲಿ ಒಳಹೊರಗು ತೊಳೆದು, ಮರಳಿನ ಕಣ ಉಳಿಯದಂತೆ ನೋಡಿಕೊಳ್ಳಿ. ನೇರ ಬಿಸಿಲಿನಲ್ಲಿ ಒಣಗಿಸಿದರೆ ರಬ್ಬರ್ ಬಿರಿಯುತ್ತದೆ. ನೆರಳಿನಲ್ಲಿ, ಮೊದಲು ಒಳಭಾಗವನ್ನು ಹೊರಮಾಡಿ ಒಣಗಿಸಿ. ಒದ್ದೆ ಕೈಗವಸನ್ನು ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿದು ಚರ್ಮರೋಗಕ್ಕೆ ಎಡೆಯಾಗುತ್ತದೆ. ಇನ್ನೊಬ್ಬರ ಕೈಗವಸನ್ನು ಬಳಸಬಾರದು. ಅಂಗೈಯಲ್ಲಿ ತೂತು ಬಿದ್ದ ಕೈಗವಸನ್ನು ಕೂಡಲೇ ಬದಲಾಯಿಸಿ. ತೂತಿನ ಅಂಚಿನಲ್ಲಿಯೇ ಹೊಸ ಬೊಬ್ಬೆ ಏಳುತ್ತದೆ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೈಗವಸು ಧರಿಸಿದರೆ ಕೈ ಎಂದಿಗೂ ಜಡ್ಡುಗಟ್ಟುವುದಿಲ್ಲವೇ?
ಉತ್ತರ: ನಿಧಾನವಾಗಿ ಜಡ್ಡುಗಟ್ಟುತ್ತದೆ. ಮೊದಲ ಶಿಬಿರವನ್ನು ಕೈಗವಸಿನೊಂದಿಗೆ ಪೂರೈಸಿ, ನಂತರ ಪ್ರತಿ ಅಭ್ಯಾಸದ ಆರಂಭದ ಹತ್ತು ಹದಿನೈದು ನಿಮಿಷ ಬರಿಗೈಯಲ್ಲಿ ಹಿಡಿದು, ಅವಧಿಯನ್ನು ಕ್ರಮೇಣ ಹೆಚ್ಚಿಸಬಹುದು.

ಪ್ರಶ್ನೆ: ಕೈಗವಸಿನ ಬದಲಿಗೆ ಅಂಟುಪಟ್ಟಿ ಸುತ್ತಿಕೊಳ್ಳಬಹುದೇ?
ಉತ್ತರ: ಬೆರಳಿನ ಒಂದೆರಡು ಸ್ಥಳಗಳಿಗೆ ಮಾತ್ರ ಬಹುದು. ಚರ್ಮ ಒಣಗಿರುವಾಗಲೇ ಸುತ್ತಬೇಕು, ಬಿಗಿಯಾಗಿ ಸುತ್ತಬಾರದು. ಅಂಗೈಗೆ ಸುತ್ತಿದ ಪಟ್ಟಿಯು ನೀರಿನಲ್ಲಿ ಸುರುಳಿಯಾಗಿ ನಿಷ್ಪ್ರಯೋಜಕವಾಗುತ್ತದೆ.

ಪ್ರಶ್ನೆ: ಮಕ್ಕಳಿಗೆ ದೊಡ್ಡವರ ಚಿಕ್ಕ ಅಳತೆಯ ಕೈಗವಸು ಆಗುತ್ತದೆಯೇ?
ಉತ್ತರ: ಬೆರಳ ಉದ್ದ ಹೊಂದುವುದಿಲ್ಲ. ಮಕ್ಕಳ ಅಳತೆಯ, ತುದಿ ತೆರೆದ ತೆಳು ಕೈಗವಸನ್ನೇ ಕೊಡಿಸಿ. ತೆಳುವಾದ ಬೂಮ್ ಹಾಗೂ ಚಿಕ್ಕ ಹಾಯಿ ಇರುವ ಮಕ್ಕಳ ಸಲಕರಣೆ ಲಭ್ಯವಿದೆಯೇ ಎಂದೂ ವಿಚಾರಿಸಿ. ಮಗುವಿನ ಕೈ ದಣಿದಿದೆಯೆಂದರೆ ಅಂದಿನ ಪಾಠ ಅಲ್ಲಿಗೆ ಮುಗಿಯತಕ್ಕದ್ದು.

ಪ್ರಶ್ನೆ: ಲೋಳೆಮೀನು ತಾಗಿದರೆ ಕೈಗವಸು ರಕ್ಷಿಸುವುದೇ?
ಉತ್ತರ: ಮುಚ್ಚಿದ ಭಾಗವನ್ನು ಬಹುಮಟ್ಟಿಗೆ ರಕ್ಷಿಸುತ್ತದೆ. ಆದರೆ ಎಳೆಗಳು ಕೈಗವಸಿಗೆ ಅಂಟಿಕೊಂಡಿರಬಹುದಾದ್ದರಿಂದ ಆ ಕೈಯಿಂದ ಮುಖ, ಕಣ್ಣು ಮುಟ್ಟಬಾರದು.

14. ಅಭ್ಯರ್ಥಿಗಳ ಗಮನಕ್ಕೆ

ತರಬೇತಿಗೆ ಅರ್ಜಿ ಸಲ್ಲಿಸುವಾಗ ಆರೋಗ್ಯದ ವಿವರಗಳಲ್ಲಿ ಮಧುಮೇಹ, ಯಕೃತ್ತಿನ ಕಾಯಿಲೆ, ಚರ್ಮದ ಕಾಯಿಲೆ, ರಬ್ಬರ್ ಒಗ್ಗದಿರುವಿಕೆ ಇವುಗಳಿದ್ದಲ್ಲಿ ಮುಚ್ಚಿಡದೆ ನಮೂದಿಸಬೇಕು. ಇವುಗಳನ್ನು ಕೇಳುವುದು ಅಭ್ಯರ್ಥಿಯನ್ನು ರಕ್ಷಿಸುವ ಉದ್ದೇಶದಿಂದ. ಶಿಬಿರದಲ್ಲಿ ಕೈಗವಸು ಒದಗಿಸಲಾಗುವುದೇ ಅಥವಾ ಸ್ವತಃ ತರಬೇಕೇ ಎಂಬುದನ್ನು ಸಂಬಂಧಿಸಿದ ತರಬೇತಿ ಕೇಂದ್ರದಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು. ಸ್ವತಃ ತರುವುದಾದಲ್ಲಿ ಹೊಸ ಕೈಗವಸನ್ನು ಶಿಬಿರದ ಮೊದಲನೆಯ ದಿನವೇ ತೊಡದೆ, ಮನೆಯಲ್ಲಿ ಎರಡು ಮೂರು ಬಾರಿ ನೆನೆಸಿ, ಧರಿಸಿ, ಒಣಗಿಸಿ ಕೈಗೆ ಒಗ್ಗಿಸಿಕೊಳ್ಳುವುದು.

ದುಬಾರಿ ಕೈಗವಸು ಕೊಳ್ಳಲು ಶಕ್ತಿಯಿಲ್ಲವೆಂಬ ಕಾರಣದಿಂದ ಯಾರೂ ಈ ಕ್ರೀಡೆಯಿಂದ ಹಿಂದೆ ಸರಿಯಬೇಕಾಗಿಲ್ಲ. ಅಳತೆಗೆ ಸರಿಹೊಂದುವ, ತೆಳುವಾದ, ಜಾರದ ಸಾಧಾರಣ ಕೈಗವಸು ಹಾಗೂ ಬೋಧಕರು ಕಲಿಸುವ ಸರಿಯಾದ ಹಿಡಿತ, ಇವೆರಡೇ ಸಾಕು. ಅಂಗೈ ಉರಿಯತೊಡಗಿದಾಗ ನಿಲ್ಲಿಸಿ ದಡಕ್ಕೆ ಮರಳುವ ವಿವೇಕವು ಇವೆರಡಕ್ಕಿಂತಲೂ ಮುಖ್ಯವಾದುದು. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.